ಸೀಟಿನ ದಿಂಬು ಹೊತ್ತ ಮೇಷ್ಟ್ರು: ವಾಲೇಸ್ ಸೇಬಿನ್

ನಮ್ಮೂರು ಮಿಡಿಗೇಶಿ. ಮಧುಗಿರಿಯಿಂದ ಪಾವಗಡದ ದಾರಿ ಹಿಡಿದರೆ ನಡುವೆ ಸಿಗುತ್ತೆ. ಬೆಟ್ಟದ ಮೇಲಿನ ಕೋಟೆ ಬಸ್ಸಿನ ಕಿಟಕಿಯಿಂದಲೇ ಕಾಣುತ್ತೆ. ಊರಲ್ಲಿ ನಮ್ಮ ಸೋದರಮಾವನ ಹತ್ತಿರ ಒಂದು ಹಳೇ ವ್ಯಾನಿದೆ. ಮದುವೆ ದಿಬ್ಬಣ, ಮಧುಗಿರಿ ಆಸ್ಪತ್ರೆ, ತುಮಕೂರಿಗೆ ಕಾಲೇಜು ಸೇರಿಸೋಕೆ ಹೋಗೋರು, ಹೀಗೆ ಎಲ್ಲದಕ್ಕೂ ಅದೇ ಬಾಡಿಗೆ ಗಾಡಿ. ಇಂಜಿನ್ನು ಮುಂದಿನ ಸೀಟಿನ ಕೆಳಗೇ ಇರುವ ಗಾಡಿ ಅದು. ಐವತ್ತು ದಾಟಿದರೆ ಸಾಕು, ತಗಡೆಲ್ಲ ಹಾಡೋಕೆ ಶುರು ಮಾಡುತ್ತೆ. ಹಿಂದೆ ಕೂತವರು ಮುಂದಿನವರ ಜೊತೆ ಮಾತಾಡಬೇಕಂದ್ರೆ ಕೂಗಬೇಕು. ಇಪ್ಪತ್ತು ವರ್ಷ ಆ ಸದ್ದಿನ ಮೇಲೇ ಕೂತು ಗಾಡಿ ಓಡಿಸಿದ ಮಾವನಿಗೆ ಈಗ ಫೋನಿನಲ್ಲಿ ಮಾತು ಸರಿಯಾಗಿ ಕೇಳಲ್ಲ. ಎರಡೆರಡು ಸಲ ಹೇಳಬೇಕು.

ಹೋದ ದಸರಾ ರಜದಲ್ಲಿ ಮಾವ ನನ್ನನ್ನೂ ಕೂರಿಸಿಕೊಂಡು ಬೆಂಗಳೂರಿನ ಒಂದು ಕಾರ್ ಆಕ್ಸೆಸರೀಸ್ ಅಂಗಡಿಗೆ ಬಂದರು. ಸದ್ದು ಕಮ್ಮಿ ಮಾಡೋ ಶೀಟು ಹಾಕಿಸಬೇಕಿತ್ತು. ಅಂಗಡಿಯವರು ಮೂರು ನಮೂನೆ ತಂದು ಮುಂದಿಟ್ಟರು. ಒಂದು ಡಾಂಬರಿನಂಥ ಕಪ್ಪು ಶೀಟು, ಇನ್ನೊಂದು ಬೆಳ್ಳಿ ಕಾಗದ ಅಂಟಿಸಿದ ರಬ್ಬರ್ ಶೀಟು, ಮತ್ತೊಂದು ಹಗುರವಾದ ಫೋಮು. ಮೂರಕ್ಕೂ ಮೂರು ರೇಟು, ಮೂರೂ ಬೆಸ್ಟ್ ಅಂತೆ! ಮಾವ ನನ್ನ ಕಡೆ ತಿರುಗಿ, ಇಂಜಿನಿಯರಿಂಗ್ ಓದುತ್ತಿದ್ದೀಯಲ್ಲ, ಯಾವುದು ಒಳ್ಳೇದು ಅಂತ ಕೇಳಿಬಿಟ್ಟರು. ನಾನು ಐದನೇ ಸೆಮಿಸ್ಟರ್ ಮೆಕ್ಯಾನಿಕಲ್. ನನಗೆ ಉತ್ತರ ಗೊತ್ತಿರಲಿಲ್ಲ. ಇನ್ನೊಂದ್ಸಲ ಬರ್ತೀವಿ ಅಂತ ಹೇಳಿ ಇಬ್ಬರೂ ಖಾಲಿ ಕೈಯಲ್ಲಿ ವಾಪಸ್ ಬಂದ್ವಿ. ದಾರಿಯುದ್ದಕ್ಕೂ ತಗಡು ಹಾಡುತ್ತಲೇ ಇತ್ತು, ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಆ ಅವಮಾನ ತೀರಿಸಿಕೊಳ್ಳೋಕೆ ಓದಲು ಕೂತಾಗ ಸಿಕ್ಕ ಹೆಸರು ವಾಲೇಸ್ ಕ್ಲೆಮೆಂಟ್ ಸೇಬಿನ್. ಯಾವ ವಸ್ತು ಎಷ್ಟು ಸದ್ದನ್ನು ನುಂಗುತ್ತೆ ಅನ್ನೋದನ್ನು ಬಾಯಿಮಾತಿನಿಂದ ಬಿಡಿಸಿ ಸಂಖ್ಯೆಗೆ ತಂದವರು ಇವರು. ಸದ್ದು ಹೀರುವಿಕೆಯ ಅಳತೆಗೆ ಇವತ್ತಿಗೂ ಸೇಬಿನ್ ಅಂತಲೇ ಹೆಸರು. ಸಿವಿಲ್ ಬ್ರಾಂಚಿನವರಿಗೆ ಅವರ ಸೂತ್ರ ಗೊತ್ತಿರಬಹುದು. ಸೂತ್ರದ ಹಿಂದಿನ ಮನುಷ್ಯನ ಬಗ್ಗೆ ನಮ್ಮ ಪಠ್ಯದಲ್ಲಿ ಒಂದು ಸಾಲೂ ಇಲ್ಲ. ಅದಕ್ಕೇ ಈ ಬರಹ.

ಹಳ್ಳಿ ಕಡೆಯ ಹುಡುಗ

ಸೇಬಿನ್ ಹುಟ್ಟಿದ್ದು 1868ರ ಜೂನ್ 13ರಂದು, ಅಮೆರಿಕದ ಒಹಾಯೋ ರಾಜ್ಯದ ರಿಚ್‌ವುಡ್ ಅನ್ನೋ ಸಣ್ಣ ಊರಿನಲ್ಲಿ. ತಂದೆ ಹೈಲಸ್, ತಾಯಿ ಆನ್ನಾ. ಮಕ್ಕಳ ಓದಿನ ವಿಷಯದಲ್ಲಿ ತಾಯಿ ಬಹಳ ಗಟ್ಟಿಗಿತ್ತಿ. ಹುಡುಗ ಎಷ್ಟು ಚುರುಕು ಅಂದ್ರೆ ನಾವು ಪಿಯುಸಿ ಮುಗಿಸಿ ಸಿಇಟಿ ಕೌನ್ಸೆಲಿಂಗ್‌ಗೆ ಅಲೆಯುವ ವಯಸ್ಸಿಗೆ, ಅಂದರೆ 18ಕ್ಕೇ, 1886ರಲ್ಲಿ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿಯಾಗಿತ್ತು. ಅಲ್ಲಿಂದ ಹಾರ್ವರ್ಡ್‌ಗೆ ಬಂದು 1888ರಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅಲ್ಲೇ ಭೌತವಿಜ್ಞಾನದ ಮೇಷ್ಟ್ರಾದರು. ಪಿಎಚ್‌ಡಿ ಮಾಡಲೇ ಇಲ್ಲ. ಮುಂದೆ ದೊಡ್ಡ ಹೆಸರು ಬಂದ ಮೇಲೆ ವಿಶ್ವವಿದ್ಯಾಲಯಗಳೇ ಕರೆದು ಗೌರವ ಡಾಕ್ಟರೇಟ್ ಕೊಟ್ಟವು.

ಮೊದಲ ಕೆಲವು ವರ್ಷ ಅವರು ಪಾಠದಲ್ಲೇ ಮುಳುಗಿದ್ದರು. ಒಳ್ಳೇ ಮೇಷ್ಟ್ರು ಅಂತ ಹೆಸರು ಬಂದಿತ್ತು, ಸಂಶೋಧಕ ಅಂತ ಬಂದಿರಲಿಲ್ಲ. ಸದ್ದಿನ ವಿಷಯ ಅವರ ತಲೆಯಲ್ಲೂ ಇರಲಿಲ್ಲ. ಅದು ಬೇರೆಯವರು ತಂದು ಅವರ ತಲೆಗೆ ಕಟ್ಟಿದ ಕೆಲಸ.

ಮಾತು ಕೇಳದ ಉಪನ್ಯಾಸದ ಹಾಲು

1895ರಲ್ಲಿ ಹಾರ್ವರ್ಡ್‌ನಲ್ಲಿ ಫಾಗ್ ಕಲಾ ಸಂಗ್ರಹಾಲಯದ ಹೊಸ ಕಟ್ಟಡ ತೆರೆಯಿತು. ಕಟ್ಟಿಸಿದವರು ಆ ಕಾಲದ ಹೆಸರಾಂತ ವಾಸ್ತುಶಿಲ್ಪಿ ರಿಚರ್ಡ್ ಮೋರಿಸ್ ಹಂಟ್. ಅದರಲ್ಲಿ ಒಂದು ಉಪನ್ಯಾಸದ ಹಾಲಿತ್ತು. ನೋಡೋಕೆ ಚೆಂದ. ಮಾತಾಡೋಕೆ ನಿಂತರೆ ಮಾತ್ರ ಗತಿ ಕೆಟ್ಟಿತು. ಹೇಳಿದ ಒಂದು ಪದ ಐದೂವರೆ ಸೆಕೆಂಡು ಗೋಡೆಗಳ ನಡುವೆ ಸುತ್ತುತ್ತಿತ್ತು. ಅಷ್ಟರಲ್ಲಿ ಮೇಷ್ಟ್ರು ಇನ್ನೊಂದು ವಾಕ್ಯ ಹೇಳಿ ಮುಗಿಸಿರುತ್ತಾರೆ. ಮೊದಲ ಪದ ಸಾಯುವ ಮುಂಚೆ ಹತ್ತನೇ ಪದ ಬಂದು ಅದರ ಮೇಲೆ ಬೀಳುತ್ತೆ. ಕೇಳುವವರಿಗೆ ಬರೀ ಗದ್ದಲ.

ವಿಜಯಪುರದ ಗೋಳಗುಮ್ಮಟಕ್ಕೆ ಟೂರ್ ಹೋದವರಿಗೆ ಇದು ಬೇಗ ಅರ್ಥವಾಗುತ್ತೆ. ಮೇಲಿನ ಮೊಗಸಾಲೆಯಲ್ಲಿ ಒಬ್ಬರು ಚಪ್ಪಾಳೆ ಹೊಡೆದರೆ ಎಷ್ಟು ಸಲ ತಿರುಗಿ ಬರುತ್ತೆ ಅಂತ ಎಣಿಸಿ ಖುಷಿ ಪಡುತ್ತೀವಿ. ಅದೇ ಜಾಗದಲ್ಲಿ ದಿನಾ ಥರ್ಮೊಡೈನಮಿಕ್ಸ್ ಪಾಠ ಕೇಳಬೇಕು ಅಂದ್ರೆ ಹೇಗಿರುತ್ತೆ ಹೇಳಿ! ಗುಮ್ಮಟದಲ್ಲಿ ಸೋಜಿಗ ಅನಿಸಿದ್ದೇ ತರಗತಿಯಲ್ಲಿ ತಲೆನೋವು.

ಹಾರ್ವರ್ಡ್‌ನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಭೌತವಿಜ್ಞಾನ ವಿಭಾಗಕ್ಕೆ ಇದನ್ನು ಸರಿಪಡಿಸಲು ಹೇಳಿದರು. ಅಂಥ ಸಮಸ್ಯೆಗೆ ಆ ಕಾಲದಲ್ಲಿ ಉತ್ತರವೇ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಹಾಲಿನಲ್ಲಿ ಅಡ್ಡಡ್ಡ ತಂತಿ ಕಟ್ಟಿದರೆ ಸದ್ದು ಕಮ್ಮಿಯಾಗುತ್ತೆ, ಇಂಥ ಅಳತೆಗೆ ಇಂಥ ಅನುಪಾತ ಇಟ್ಟರೆ ಸರಿಹೋಗುತ್ತೆ ಅನ್ನುವ ನಂಬಿಕೆಗಳೇ ನಡೆಯುತ್ತಿದ್ದವು. ಅಳತೆ ಮಾಡಿ ನೋಡಿದವರಿರಲಿಲ್ಲ. ಹಿರಿಯರು ಯಾರಿಗೂ ಬೇಡವಾದ ಕೆಲಸ 27 ವರ್ಷದ ಸೇಬಿನ್ ಹೆಗಲಿಗೆ ಬಂತು.

ರಾತ್ರಿ ಪಾಳಿ

ಅವರ ಹತ್ತಿರ ಇದ್ದ ಸಾಮಾನು ಇಷ್ಟೇ: ಸೆಕೆಂಡಿಗೆ 512 ಸಲ ಕಂಪಿಸುವ ಸದ್ದು ಕೊಡೋ ಒಂದು ಆರ್ಗನ್ ಕೊಳವೆ, ಅದನ್ನು ಊದೋಕೆ ಒತ್ತಿದ ಗಾಳಿಯ ಟ್ಯಾಂಕು, ಸಮಯ ಗುರುತು ಹಾಕುವ ಒಂದು ಯಂತ್ರ, ಮತ್ತೆ ಅವರ ಎರಡು ಕಿವಿ. ಸದ್ದು ಅಳೆಯುವ ಮೈಕ್ ಇಲ್ಲ, ಆಸಿಲೋಸ್ಕೋಪ್ ಇಲ್ಲ, ಡೆಸಿಬೆಲ್ ಅನ್ನೋ ಪದವೇ ಇನ್ನೂ ಹುಟ್ಟಿರಲಿಲ್ಲ. ಕೊಳವೆ ಊದಿ ನಿಲ್ಲಿಸೋದು, ಆ ಕ್ಷಣದಿಂದ ಕಿವಿಗೆ ಏನೇನೂ ಕೇಳದಂತೆ ಆಗುವವರೆಗೆ ಎಷ್ಟು ಹೊತ್ತು ಅಂತ ಅಳೆಯೋದು. ಅಷ್ಟೇ ಪ್ರಯೋಗ.

ಕಿವಿಯೇ ಉಪಕರಣ ಅಂದ ಮೇಲೆ ಊರು ಮಲಗಬೇಕು. ಹಗಲು ಹುಡುಗರ ಗಲಾಟೆ, ಸಂಜೆ ಮೇಲೆ ಟ್ರಾಮ್ ಗಾಡಿಗಳ ಸದ್ದು. ಹಾಗಾಗಿ ಮಧ್ಯರಾತ್ರಿಯಿಂದ ಬೆಳಗಿನ ಜಾವದವರೆಗೆ ಕೆಲಸ. ಹಾರ್ವರ್ಡ್‌ನಲ್ಲೇ ಸ್ಯಾಂಡರ್ಸ್ ಥಿಯೇಟರ್ ಅಂತ ಇನ್ನೊಂದು ದೊಡ್ಡ ಸಭಾಂಗಣವಿದೆ. ಅಲ್ಲಿ ಮಾತು ಚೆನ್ನಾಗಿ ಕೇಳುತ್ತಿತ್ತು. ಅದರ ಬೆಂಚುಗಳ ಮೇಲೆ ಉದ್ದನೆಯ ದಿಂಬುಗಳಿದ್ದವು. ಸೇಬಿನ್ ಮತ್ತು ಸಹಾಯಕರು ರಾತ್ರಿ ಆ ದಿಂಬುಗಳನ್ನು ಹೊತ್ತು ತಂದು ಫಾಗ್ ಹಾಲಿನಲ್ಲಿ ಹಾಸುವುದು, ಅಳೆಯುವುದು, ಬೆಳಗಾಗುವುದರೊಳಗೆ ವಾಪಸ್ ಹೊತ್ತುಕೊಂಡು ಹೋಗಿ ಜಾಗಕ್ಕೆ ಇಡುವುದು. ಹಗಲು ಮತ್ತೆ ಪಾಠ.

ಖಾಲಿ ಹಾಲಿನಲ್ಲಿ ಸದ್ದು ಸಾಯೋಕೆ 5.62 ಸೆಕೆಂಡು. ಸುಮಾರು 8 ಮೀಟರ್ ಉದ್ದದ ದಿಂಬು ಹಾಸಿದಾಗ 5.33. ಇನ್ನಷ್ಟು ತಂದರು, ಇನ್ನಷ್ಟು ಇಳಿಯಿತು. ಕೊನೆಗೆ ಸೀಟು, ವೇದಿಕೆ, ಓಡಾಡುವ ಜಾಗ, ಹಿಂದಿನ ಗೋಡೆ ಎಲ್ಲ ಮುಚ್ಚುವಷ್ಟು ದಿಂಬು ತುಂಬಿಸಿದಾಗ 1.14 ಸೆಕೆಂಡಿಗೆ ಬಂತು. ಮೊದಲ ದಿಂಬುಗಳು ಬಹಳ ಕೆಲಸ ಮಾಡುತ್ತವೆ, ಆಮೇಲಿನವು ಅಷ್ಟೇ ಉದ್ದ ಇದ್ದರೂ ಕಮ್ಮಿ ಕೆಲಸ ಮಾಡುತ್ತವೆ ಅನ್ನೋದು ಆಗಲೇ ಕಾಣುತ್ತಿತ್ತು. ಅದು ಯಾಕೆ ಹಾಗೆ, ಯಾವ ಲೆಕ್ಕದಲ್ಲಿ ಹಾಗೆ ಅಂತ ಮಾತ್ರ ಸಿಕ್ಕಿರಲಿಲ್ಲ.

ಬಟ್ಟೆ ಬದಲಾಗಿದ್ದಕ್ಕೆ ಬೇಸಿಗೆಯೆಲ್ಲ ದಂಡ

ಸೇಬಿನ್ ಬದುಕಿನಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಒಂದು ಬೇಸಿಗೆಯೆಲ್ಲ ಕೂತು ಅವರು ಸಾವಿರಾರು ಅಳತೆ ತೆಗೆದಿದ್ದರು. ಆಮೇಲೆ ನೋಡಿದರೆ ಒಂದು ರಾತ್ರಿಯ ಲೆಕ್ಕಕ್ಕೂ ಇನ್ನೊಂದು ರಾತ್ರಿಯ ಲೆಕ್ಕಕ್ಕೂ ಸಣ್ಣ ವ್ಯತ್ಯಾಸ. ಕೊಳವೆ ಅದೇ, ಕೋಣೆ ಅದೇ, ಕಿವಿ ಅದೇ. ಹುಡುಕಿ ಹುಡುಕಿ ಕೊನೆಗೆ ತಪ್ಪು ಸಿಕ್ಕಿದ್ದು ಅವರ ಮೈಮೇಲೆ. ಒಂದೊಂದು ದಿನ ಒಂದೊಂದು ಬಟ್ಟೆ! ದಪ್ಪ ಕೋಟು ಹಾಕಿದ ದಿನ ಅವರೇ ಸ್ವಲ್ಪ ಹೆಚ್ಚು ಸದ್ದು ನುಂಗುತ್ತಿದ್ದರು, ತೆಳು ಬಟ್ಟೆ ಹಾಕಿದ ದಿನ ಕಮ್ಮಿ.

ನಾವಾಗಿದ್ದರೆ ಏನು ಮಾಡುತ್ತಿದ್ವಿ? ಲ್ಯಾಬ್ ರೆಕಾರ್ಡ್ ಸಬ್ಮಿಶನ್ ಹಿಂದಿನ ರಾತ್ರಿ ನಾವು ಏನು ಮಾಡ್ತೀವೋ ಅದನ್ನೇ. ರೀಡಿಂಗನ್ನು ಆ ಕಡೆ ಈ ಕಡೆ ಸ್ವಲ್ಪ ತಳ್ಳಿ ಗ್ರಾಫ್ ನೆಟ್ಟಗೆ ಬರೋ ಹಾಗೆ ಮಾಡುತ್ತಿದ್ವಿ. ಸೇಬಿನ್ ಆ ಬೇಸಿಗೆಯ ಅಳತೆಗಳನ್ನೆಲ್ಲ ಎಸೆದರು. ಅಲ್ಲಿಂದ ಮುಂದೆ ಪ್ರಯೋಗಕ್ಕೆ ಅಂತಲೇ ಒಂದು ಜೊತೆ ಬಟ್ಟೆ ಗೊತ್ತುಮಾಡಿಕೊಂಡರು. ನೀಲಿ ಚಳಿಗಾಲದ ಕೋಟು, ಅದಕ್ಕೆ ತಕ್ಕ ಪ್ಯಾಂಟು, ಬೂಟು. ಸೆಖೆ ಇರಲಿ ಚಳಿ ಇರಲಿ, ಅದೇ. ಆಮೇಲೆ ಕೊಳವೆಯ ಪಕ್ಕ ನಿಂತು ಕೇಳುವುದನ್ನೂ ಬಿಟ್ಟು, ತಮ್ಮ ಮೈ ಪ್ರಯೋಗದೊಳಗೆ ಸೇರದಂತೆ ಒಂದು ಪೆಟ್ಟಿಗೆ ಮಾಡಿಸಿಕೊಂಡು ಅದರೊಳಗೆ ಕೂತು ಕೇಳತೊಡಗಿದರು.

ಹೀಗೆ ಎರಡು ವರ್ಷ ಕಳೆಯಿತು. ಎಲಿಯಟ್‌ಗೆ ತಾಳ್ಮೆ ಮುಗಿಯಿತು. ಇಷ್ಟು ಹೊತ್ತಿಗೆ ಒಂದು ಹಾಲು ಸರಿಮಾಡುವಷ್ಟು ಗೊತ್ತಾಗಿರಲೇಬೇಕು, ಮೊದಲು ಅದನ್ನು ಮಾಡಿ ಅಂತ ಒತ್ತಾಯಿಸಿದರು. ಸೇಬಿನ್ ಒಲ್ಲದ ಮನಸ್ಸಿನಿಂದಲೇ ಗೋಡೆಗಳಿಗೆ ಫೆಲ್ಟ್ ಹಾಕಿಸಿದರು. ಫೆಲ್ಟ್ ಅಂದರೆ ಕೂದಲನ್ನು ಒತ್ತಿ ಮಾಡಿದ ದಪ್ಪ ಹಾಸು, ನಮ್ಮ ಕಡೆಯ ಕುರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿದಂತೆ ಅಂದುಕೊಳ್ಳಿ. ಹಾಲು ಅದ್ಭುತವಾಗಲಿಲ್ಲ, ಆದರೆ ಪಾಠ ಮಾಡಬಹುದಾದ ಮಟ್ಟಕ್ಕೆ ಬಂತು.

ಅಕ್ಟೋಬರ್ 29ರ ರಾತ್ರಿ

1898ರಲ್ಲಿ ಎರಡನೇ ಕೆಲಸ ಬಂತು, ಮೊದಲನೆಯದಕ್ಕಿಂತ ನೂರು ಪಾಲು ದೊಡ್ಡದು. ಬಾಸ್ಟನ್ ಸಿಂಫನಿ ವಾದ್ಯವೃಂದ ಕಟ್ಟಿದ ಹೆನ್ರಿ ಲೀ ಹಿಗಿನ್‌ಸನ್ ಹೊಸ ಸಂಗೀತ ಸಭಾಂಗಣ ಕಟ್ಟಿಸಲು ಹೊರಟಿದ್ದರು. ವಾಸ್ತುಶಿಲ್ಪಿ ಚಾರ್ಲ್ಸ್ ಮಕಿಮ್. ಕಟ್ಟಿ ಮುಗಿಸಿದ ಮೇಲೆ ಫಾಗ್ ಹಾಲಿನ ಗತಿ ಆಗಬಾರದು ಅನ್ನೋದು ಅವರ ಚಿಂತೆ. ಎಲಿಯಟ್ ಸೇಬಿನ್ ಹೆಸರು ಹೇಳಿದರು.

ಸೇಬಿನ್ ತಕ್ಷಣ ಒಪ್ಪಲಿಲ್ಲ. ಆದ ತಪ್ಪನ್ನು ಫೆಲ್ಟ್ ಹಾಕಿ ಸರಿಮಾಡೋದು ಒಂದು ಮಾತು, ಇನ್ನೂ ನೆಲದ ಮೇಲೆ ಒಂದು ಇಟ್ಟಿಗೆಯೂ ಇಲ್ಲದ ಕಟ್ಟಡ ಹೇಗೆ ಕೇಳಿಸುತ್ತೆ ಅಂತ ಹೇಳೋದು ಬೇರೆ ಮಾತು. ಅದಕ್ಕೆ ಸೂತ್ರ ಬೇಕು. ಸೂತ್ರ ಅವರ ಹತ್ತಿರ ಇರಲಿಲ್ಲ. ತಮ್ಮ ಹಳೇ ಲೆಕ್ಕದ ಪುಸ್ತಕಗಳನ್ನೆಲ್ಲ ಮುಂದೆ ಹರಡಿಕೊಂಡು ಕೂತರು. ಅಕ್ಟೋಬರ್ 29ರ ರಾತ್ರಿ ದಿಂಬಿನ ಉದ್ದಕ್ಕೂ ಸಮಯಕ್ಕೂ ಹಾಕಿದ ಗ್ರಾಫನ್ನು ನೋಡುತ್ತಾ ಇದ್ದಾಗ ತಟ್ಟನೆ ಹೊಳೆಯಿತು: ಅದು ಅತಿಪರವಲಯ, ನಾವು ಹೈಪರ್ಬೋಲಾ ಅನ್ನುತ್ತೀವಲ್ಲ ಅದು. ಅವರಿಗೆ ಆದ ಸಂಭ್ರಮಕ್ಕೆ ಪಕ್ಕದ ಕೋಣೆಯಲ್ಲಿದ್ದ ತಾಯಿಯನ್ನೇ ಕೂಗಿ ಹೇಳಿದರಂತೆ. ಮಾರನೇ ದಿನ ಎಲಿಯಟ್‌ಗೆ ಪತ್ರ ಹೋಯಿತು.

ಏನದು? ಗೋಡೆ, ನೆಲ, ಚಾವಣಿ ಇವೆಲ್ಲವೂ ತಮ್ಮ ಪಾಲಿಗೆ ಸ್ವಲ್ಪ ಸದ್ದು ನುಂಗುತ್ತವೆ. ಅದಕ್ಕೆ ದಿಂಬು ನುಂಗುವುದನ್ನು ಸೇರಿಸಿ. ಆ ಮೊತ್ತವನ್ನು ಸದ್ದು ಸಾಯುವ ಸಮಯದಿಂದ ಗುಣಿಸಿದರೆ ಪ್ರತಿಸಲವೂ ಒಂದೇ ಸಂಖ್ಯೆ. ಕೋಣೆ ಬದಲಾದರೆ ಆ ಸಂಖ್ಯೆ ಕೋಣೆಯ ಘನ ಅಳತೆಗೆ ತಕ್ಕಂತೆ ಏರುತ್ತೆ. ಇವತ್ತು ಬಳಸುವ ರೂಪದಲ್ಲಿ ಬರೆದರೆ:

ಸಮಯ = 0.161 × ಘನ ಅಳತೆ ÷ ಒಟ್ಟು ಹೀರಿಕೆ

ಅಳತೆಯೆಲ್ಲ ಮೀಟರಿನಲ್ಲಿ, ಸಮಯ ಸೆಕೆಂಡಿನಲ್ಲಿ. ಸದ್ದಿನ ತೀವ್ರತೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಅಂದರೆ 60 ಡೆಸಿಬೆಲ್ ಇಳಿಯೋಕೆ ಬೇಕಾದ ಸಮಯ ಅದು.

ನಮ್ಮ ತರಗತಿಗೇ ಹಾಕಿ ನೋಡಿ. 10 ಮೀಟರ್ ಉದ್ದ, 8 ಅಗಲ, 3.5 ಎತ್ತರ ಅಂದರೆ 280 ಘನ ಮೀಟರ್. ಗಾರೆ ಗೋಡೆ, ಟೈಲ್ಸ್ ನೆಲ, ಬೆಂಚು ಎಲ್ಲ ಸೇರಿ 14 ಚದರ ಮೀಟರಿನಷ್ಟು ಹೀರುತ್ತೆ ಅಂದುಕೊಂಡರೆ 3.2 ಸೆಕೆಂಡು. ಅದಕ್ಕೇ ಖಾಲಿ ಕ್ಲಾಸಿನಲ್ಲಿ ಮಾತಾಡಿದರೆ ಬಾವಿಯಲ್ಲಿ ಮಾತಾಡಿದ ಹಾಗೆ. ಒಬ್ಬೊಬ್ಬರಿಗೆ 0.4ರಂತೆ 50 ಜನ ಬಂದು ಕೂತರೆ ಇನ್ನೊಂದು 20 ಸೇರಿ 34 ಆಯಿತು, ಸಮಯ 1.3ಕ್ಕೆ ಇಳಿಯಿತು. ಅಟೆಂಡೆನ್ಸ್ ಇದ್ದರೆ ಪಾಠ ಚೆನ್ನಾಗಿ ಕೇಳುತ್ತೆ ಅನ್ನೋದಕ್ಕೆ ಭೌತವಿಜ್ಞಾನದ ಪುರಾವೆಯೂ ಇದೆ ಕಣ್ರೀ!

ತೆರೆದ ಕಿಟಕಿಯೇ ಅಳತೆಗೋಲು

ವಸ್ತುಗಳನ್ನು ಹೋಲಿಸಬೇಕಂದ್ರೆ ಒಂದು ಅಳತೆಗೋಲು ಬೇಕು. ಮೊದಮೊದಲು ದಿಂಬೇ ಅಳತೆ. ಆದರೆ ಹಾರ್ವರ್ಡ್‌ನ ದಿಂಬು ಬೇರೆಯವರ ಹತ್ತಿರ ಎಲ್ಲಿರುತ್ತೆ? ಸೇಬಿನ್ ಒಂದು ಸರಳ ಉಪಾಯ ಮಾಡಿದರು. ತೆರೆದ ಕಿಟಕಿ. ಅದಕ್ಕೆ ಬಡಿದ ಸದ್ದು ಹೊರಗೆ ಹೋಯಿತು ಅಂದರೆ ಹೋಯಿತು, ವಾಪಸ್ ಬರಲ್ಲ. ಅದನ್ನು 1 ಅಂತ ಇಟ್ಟುಕೊಂಡರು. ಬೇರೆ ಎಲ್ಲ ವಸ್ತುವನ್ನೂ ಅದಕ್ಕೆ ಹೋಲಿಸಿದರು. 1900ರಲ್ಲಿ ಪ್ರಕಟವಾದ ಅವರ ಪಟ್ಟಿಯಲ್ಲಿ ಸಿಮೆಂಟಿನಲ್ಲಿ ಕಟ್ಟಿದ ಇಟ್ಟಿಗೆ ಗೋಡೆಗೆ 0.025, ಪೈನ್ ಮರದ ಹಲಗೆಗೆ 0.061, ದಪ್ಪ ರತ್ನಗಂಬಳಿಗೆ 0.29, ಗೋಡೆಯಿಂದ ಸ್ವಲ್ಪ ದೂರ ಕಟ್ಟಿದ ಒಂದಿಂಚಿನ ಫೆಲ್ಟ್‌ಗೆ 0.78, ಒತ್ತಾಗಿ ಕೂತ ಜನಕ್ಕೆ 0.96. ಜನಕ್ಕಿಂತ ಚೆನ್ನಾಗಿ ಸದ್ದು ನುಂಗುವ ವಸ್ತು ಆ ಪಟ್ಟಿಯಲ್ಲಿ ತೆರೆದ ಕಿಟಕಿ ಒಂದೇ!

ಈ ಪಟ್ಟಿ ಹಿಡಿದುಕೊಂಡೇ ಅವರು ಬಾಸ್ಟನ್ನಿನ ನಕ್ಷೆಗೆ ಕೂತರು. ಜರ್ಮನಿಯ ಲೈಪ್‌ಸಿಗ್ ಊರಿನ ಹೆಸರಾಂತ ಸಭಾಂಗಣವನ್ನೇ ಮಾದರಿ ಇಟ್ಟುಕೊಂಡಿದ್ದರು. ಅಲ್ಲಿಗಿಂತ ಇಲ್ಲಿ ಬಹಳ ಹೆಚ್ಚು ಸೀಟು ಬೇಕು. ಅದನ್ನೇ ಎಲ್ಲ ಕಡೆಗೂ ದೊಡ್ಡದು ಮಾಡಿದರೆ ಸದ್ದು 3 ಸೆಕೆಂಡು ದಾಟಿ ಎಳೆದಾಡುತ್ತಿತ್ತು ಅಂತ ಲೆಕ್ಕ ತೋರಿಸಿತು. ಅದಕ್ಕೇ ಹಾಲನ್ನು ಉದ್ದವಾಗಿ, ಅಗಲ ಕಮ್ಮಿ ಇಟ್ಟು, ಬೂಟಿನ ಡಬ್ಬಿಯ ಆಕಾರದಲ್ಲಿ ಕಟ್ಟಿದರು. ಸೇಬಿನ್ ಲೆಕ್ಕ ಹಾಕಿ ಹೇಳಿದ್ದು 2.31 ಸೆಕೆಂಡು. 1900ರ ಅಕ್ಟೋಬರ್ 15ರಂದು ಬಾಸ್ಟನ್ ಸಿಂಫನಿ ಹಾಲ್ ತೆರೆಯಿತು. ಕಟ್ಟುವ ಮೊದಲೇ ವಿಜ್ಞಾನದ ಲೆಕ್ಕದಿಂದ ಸದ್ದನ್ನು ತೀರ್ಮಾನಿಸಿದ ಮೊದಲ ಸಂಗೀತ ಸಭಾಂಗಣ ಅದು.

ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು ಅಂತ ಬರೆದರೆ ಸುಳ್ಳಾಗುತ್ತೆ. ಮೊದಲ ವರ್ಷಗಳಲ್ಲಿ ಕೆಲವು ವಿಮರ್ಶಕರು ಹಾಲನ್ನು ಮೆಚ್ಚಲಿಲ್ಲ. ಸೇಬಿನ್ ವಾದಕ್ಕೆ ಇಳಿಯದೆ ತಮ್ಮ ಪ್ರಯೋಗಶಾಲೆಗೆ ವಾಪಸ್ ಹೋದರು. ಇವತ್ತು ಆ ಹಾಲನ್ನು ವಿಯೆನ್ನಾ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಹಾಲುಗಳ ಜೊತೆಗೆ ಪ್ರಪಂಚದ ಅತ್ಯುತ್ತಮ ಸಂಗೀತ ಸಭಾಂಗಣಗಳಲ್ಲಿ ಒಂದು ಅಂತ ಎಣಿಸುತ್ತಾರೆ. ಕತೆ ಶುರುವಾದ ಫಾಗ್ ಉಪನ್ಯಾಸದ ಹಾಲನ್ನು ಮಾತ್ರ 1973ರಲ್ಲಿ ಕೆಡವಿದರು.

ತಗಡು, ಗಾಳಿ, ಫೆಲ್ಟ್

ಸಿಂಫನಿ ಹಾಲ್ ತೆರೆದ ವರ್ಷವೇ ಅವರ ಮದುವೆಯಾಯಿತು. ಹೆಂಡತಿ ಜೇನ್ ಕೆಲ್ಲಿ ವೈದ್ಯೆ. ಇಬ್ಬರು ಹೆಣ್ಣುಮಕ್ಕಳು. 1906ರಿಂದ ಡೀನ್ ಕೆಲಸವೂ ಮೈಮೇಲೆ ಬಿತ್ತು. ಆದರೂ ರಾತ್ರಿಯ ಅಳತೆಗಳು ನಿಲ್ಲಲಿಲ್ಲ. ಮೊದಲು ಒಂದೇ ಸ್ವರದಲ್ಲಿ ಅಳೆದಿದ್ದನ್ನು ತಗ್ಗಿನಿಂದ ಹೆಚ್ಚಿನವರೆಗೆ ಹಲವು ಸ್ವರಗಳಲ್ಲಿ ಅಳೆದು, ಒಂದು ವಸ್ತು ಎಲ್ಲ ಸ್ವರವನ್ನೂ ಒಂದೇ ರೀತಿ ನುಂಗಲ್ಲ ಅಂತ ತೋರಿಸಿದರು. ತೆಳು ಫೆಲ್ಟ್ ಕೀರಲು ಸದ್ದನ್ನು ಹಿಡಿಯುತ್ತೆ, ಗುಡುಗಿನಂಥ ಸದ್ದನ್ನು ಬಿಟ್ಟುಬಿಡುತ್ತೆ. ಗ್ವಾಸ್ತವೀನೋ ಅನ್ನುವ ಕಟ್ಟಡ ಕಂಪನಿಯವರ ಜೊತೆ ಸೇರಿ ಸದ್ದು ಹೀರುವ ಹೆಂಚುಗಳನ್ನೂ ಮಾಡಿದರು.

ನಮ್ಮ ಮಾವನ ಪ್ರಶ್ನೆಗೆ ಉತ್ತರ ಇರೋದು 1915ರ ಅವರ ಒಂದು ಪ್ರಬಂಧದಲ್ಲಿ. ಅಲ್ಲಿಯವರೆಗೂ ಅವರು ನೋಡಿದ್ದು ಕೋಣೆಯೊಳಗೆ ಹುಟ್ಟಿದ ಸದ್ದು ಹೇಗೆ ಸಾಯುತ್ತೆ ಅಂತ. ಈಗ ಕೇಳಿದ್ದು ಬೇರೆ ಪ್ರಶ್ನೆ: ಪಕ್ಕದ ಕೋಣೆಯ ಸದ್ದು ಈ ಕೋಣೆಗೆ ಬರದಂತೆ ತಡೆಯೋದು ಹೇಗೆ? ಎರಡು ಕೋಣೆಗಳ ನಡುವೆ ಫೆಲ್ಟ್ ಪದರಗಳನ್ನು ಒಂದೊಂದಾಗಿ ಸೇರಿಸುತ್ತಾ ಅಳೆದರು. ಆಮೇಲೆ ಕಬ್ಬಿಣದ ತಗಡು, ನಡುವೆ ಗಾಳಿ, ನಡುವೆ ಫೆಲ್ಟ್ ಹೀಗೆ ಬದಲಿಸಿ ಬದಲಿಸಿ ಇಟ್ಟು ಅಳೆದರು. ಬಿಡಿಬಿಡಿಯಾಗಿ ಸಾಧಾರಣ ಅನಿಸುವ ವಸ್ತುಗಳು ಸರಿಯಾದ ಸಾಲಿನಲ್ಲಿ ಕೂತಾಗ ಬಹಳ ಚೆನ್ನಾಗಿ ತಡೆಯುತ್ತವೆ ಅನ್ನೋದು ಗೊತ್ತಾಯಿತು. ತಗಡು, ಗಾಳಿ, ಫೆಲ್ಟ್. ಕಾರಿನ ಬಾಗಿಲು ಬಿಚ್ಚಿ ನೋಡಿದರೆ ಒಳಗೆ ಇರೋದೂ ಅದೇ ಸಂಸಾರ ತಾನೇ?

ಸದ್ದು ನುಂಗುವುದು ಬೇರೆ, ಸದ್ದು ತಡೆಯುವುದು ಬೇರೆ ಅನ್ನುವ ವ್ಯತ್ಯಾಸವೇ ನನಗೆ ಅಂಗಡಿಯಲ್ಲಿ ಗೊತ್ತಿರಲಿಲ್ಲ. ಇದಕ್ಕೆ ಇನ್ನೊಂದನ್ನೂ ಸೇರಿಸಬೇಕು, ತಗಡಿನ ನಡುಕ ನಿಲ್ಲಿಸೋದು. ದೇವಸ್ಥಾನದಲ್ಲಿ ಜಾಗಟೆ ಬಾರಿಸಿ ಅಂಗೈ ಇಟ್ಟರೆ ಟಪ್ ಅಂತ ನಿಲ್ಲುತ್ತಲ್ಲ, ಅದೇ ಕೆಲಸವನ್ನು ಬೆಳ್ಳಿ ಕಾಗದದ ಬ್ಯುಟೈಲ್ ರಬ್ಬರ್ ಶೀಟು ಮಾಡುತ್ತೆ. ಡಾಂಬರ್ ಶೀಟೂ ಅದನ್ನೇ ಮಾಡುತ್ತೆ, ಆದರೆ ಬಿಸಿಲಿಗೆ ಮೆತ್ತಗಾಗಿ ವಾಸನೆ ಬರುತ್ತೆ, ಜಾರುತ್ತೆ. ಪಾವಗಡದ ಏಪ್ರಿಲ್ ಬಿಸಿಲು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫೋಮು, ಫೆಲ್ಟ್ ಸದ್ದನ್ನು ಸ್ವಲ್ಪ ನುಂಗುತ್ತವೆ, ಅದೂ ಹೆಚ್ಚಿನ ಸ್ವರವನ್ನು. ತಡೆಯೋಕೆ ಮಾತ್ರ ತೂಕವೇ ಬೇಕು. ತೂಕ ದುಪ್ಪಟ್ಟಾದರೆ ಸುಮಾರು 6 ಡೆಸಿಬೆಲ್ ಲಾಭ, ಅಷ್ಟೇ. ಹಾಗಾಗಿ ಮೂರರಲ್ಲಿ ಯಾವುದು ಬೆಸ್ಟ್ ಅನ್ನೋ ಪ್ರಶ್ನೆಯೇ ತಪ್ಪು. ಗಾಡಿಯಲ್ಲಿ ಯಾವ ಸದ್ದು, ಎಲ್ಲಿಂದ ಬರುತ್ತಿದೆ ಅಂತ ಮೊದಲು ಕೇಳಬೇಕು.

ಕೊನೆಯ ದಿನಗಳು

ಮೊದಲ ಮಹಾಯುದ್ಧ ಸೇಬಿನ್ ಅವರನ್ನು ಪ್ರಯೋಗಶಾಲೆಯಿಂದ ಎಳೆದುಕೊಂಡು ಹೋಯಿತು. ಪ್ಯಾರಿಸ್ಸಿಗೆ ಪಾಠ ಮಾಡಲು ಹೋದವರು ಅಲ್ಲಿ ಯುದ್ಧದ ಕೆಲಸಕ್ಕೆ ಇಳಿದರು. ವಿಮಾನಗಳಿಗೆ ಸಂಬಂಧಿಸಿದ ತಾಂತ್ರಿಕ ಕೆಲಸಕ್ಕಾಗಿ ಫ್ರಾನ್ಸ್, ಇಟಲಿಯ ಯುದ್ಧರಂಗಗಳಲ್ಲಿ ಓಡಾಡಿದರು. ಆರೋಗ್ಯ ಕೆಟ್ಟಿತು. ಮೂತ್ರಪಿಂಡದ ಸೋಂಕು. ಶಸ್ತ್ರಚಿಕಿತ್ಸೆ ಬೇಕಿತ್ತು, ಕೆಲಸ ಮುಗಿಯಲಿ ಅಂತ ಮುಂದೂಡುತ್ತಲೇ ಬಂದರು. 1919ರ ಜನವರಿ 10ರಂದು ತೀರಿಕೊಂಡರು. ವಯಸ್ಸು 50.

ಅಳತೆ ಮಾಡೋಕೆ ಜೀವನಪೂರ್ತಿ ನಿಶ್ಶಬ್ದ ಹುಡುಕಿದ ಅವರಿಗೆ ಕೊನೆಗೂ ಒಂದು ಜಾಗ ಸಿದ್ಧವಾಗಿತ್ತು. ಇಲಿನಾಯ್ ರಾಜ್ಯದ ಜಿನೀವಾದಲ್ಲಿ ಜಾರ್ಜ್ ಫೇಬಿಯನ್ ಎಂಬ ಶ್ರೀಮಂತರು ಅವರಿಗೆಂದೇ ರಿವರ್‌ಬ್ಯಾಂಕ್ ಪ್ರಯೋಗಶಾಲೆ ಕಟ್ಟಿಸಿದ್ದರು. ಅಲ್ಲಿ ಕೆಲಸ ಶುರುಮಾಡುವ ಮೊದಲೇ ಸೇಬಿನ್ ಹೋಗಿಬಿಟ್ಟರು. ಅವರ ದೂರದ ಸಂಬಂಧಿ ಪಾಲ್ ಸೇಬಿನ್ ಅದನ್ನು ವಹಿಸಿಕೊಂಡು ಮುಂದುವರಿಸಿದರು. ವಸ್ತುಗಳ ಸದ್ದು ಹೀರುವಿಕೆ, ತಡೆಯುವಿಕೆಗಳ ಪರೀಕ್ಷೆಗೆ ರಿವರ್‌ಬ್ಯಾಂಕ್ ಇವತ್ತಿಗೂ ಹೆಸರಾಗಿದೆ. ಬಿಡಿಬಿಡಿಯಾಗಿ ಬಂದಿದ್ದ ಅವರ ಪ್ರಬಂಧಗಳನ್ನು 1922ರಲ್ಲಿ ಒಂದು ಪುಸ್ತಕವಾಗಿ ಹಾರ್ವರ್ಡ್ ಪ್ರಕಟಿಸಿತು.

ಮತ್ತೆ ಮಿಡಿಗೇಶಿ

ಸಂಕ್ರಾಂತಿಗೆ ಊರಿಗೆ ಹೋದಾಗ ಮಾವನಿಗೆ ಇದೆಲ್ಲ ಹೇಳಿದೆ. ಮೊದಲು ಅಳೆಯೋಣ, ಆಮೇಲೆ ದುಡ್ಡು ಅಂತ ತೀರ್ಮಾನ ಆಯಿತು. ಫೋನಿನಲ್ಲಿ ಡೆಸಿಬೆಲ್ ತೋರಿಸುವ ಆಪ್ ಹಾಕಿಕೊಂಡೆ. ಅದು ಪ್ರಯೋಗಶಾಲೆಯ ಮೀಟರ್ ಅಲ್ಲ, ಆದರೆ ಅದೇ ಫೋನನ್ನು ಅದೇ ಜಾಗದಲ್ಲಿ ಇಟ್ಟರೆ ಮೊದಲಿಗಿಂತ ಹೆಚ್ಚೋ ಕಮ್ಮಿಯೋ ಅನ್ನೋದಕ್ಕೆ ಸಾಕು. ಮಿಡಿಗೇಶಿಯಿಂದ ಮಧುಗಿರಿ ಕಡೆ ಒಂದೇ ತುಂಡು ರಸ್ತೆ, ಒಂದೇ ವೇಗ, ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ನಾವಿಬ್ಬರೇ.

ಮೊದಲ ದಿನ ಬರೀ ಗಾಡಿ ಅಳೆದ್ವಿ. ಮೂರನೇ ದಿನ ಇಂಜಿನ್ ಮುಚ್ಚಳದ ಮೇಲೆ, ಬಾಗಿಲ ಒಳತಗಡಿನ ನಡುಭಾಗಕ್ಕೆ ಮಾತ್ರ ರಬ್ಬರ್ ಶೀಟು ಅಂಟಿಸಿ ಮತ್ತೆ ಅಳೆದ್ವಿ. ಅಬ್ಬಾ, ಎಷ್ಟು ಇಳಿದಿದೆ! ನಾನಂತೂ ಕುಣಿದಾಡಿದೆ. ಸಂಜೆ ಮಾತಿನ ಮಧ್ಯೆ ಮಾವ ಸುಮ್ಮನೆ ಹೇಳಿದರು, ನಡುವಿನ ದಿನ ಟೈರ್ ಬದಲಾಯಿಸಿದ್ದರಂತೆ. ಹಳೇ ಸವೆದ ಟೈರಿನ ಸದ್ದು, ಹೊಸ ಟೈರಿನ ಸದ್ದು ಒಂದೇ ಆಗಿರುತ್ತಾ? ನನ್ನ ಗ್ರಾಫು ಅಲ್ಲಿಗೆ ಮುಗಿಯಿತು. ಮೂರು ದಿನದ ಕೆಲಸ, ಪೆಟ್ರೋಲು, ಎಲ್ಲ ದಂಡ.

ಒಂದು ಕ್ಷಣ ಸುಮ್ಮನಿದ್ದುಬಿಡೋಣ ಅನಿಸಿದ್ದು ನಿಜ. ಅಷ್ಟರಲ್ಲಿ ನೀಲಿ ಕೋಟು ನೆನಪಾಯಿತು. ಪುಟ ಹರಿದು ಹಾಕಿದೆ. ಮಾರನೇ ದಿನ ಇಬ್ಬರೂ ಕೂತು ಅಂಟಿಸಿದ್ದ ಶೀಟು ಕಿತ್ತು, ಹೊಸ ಟೈರಿನಲ್ಲೇ ಬರೀ ಗಾಡಿಯನ್ನು ಅಳೆದು, ಮತ್ತೆ ಹೊಸ ಶೀಟು ಅಂಟಿಸಿ ಅಳೆದ್ವಿ. ಇಳಿಕೆ ಮೊದಲು ಕಂಡದ್ದಕ್ಕಿಂತ ಕಮ್ಮಿ ಇತ್ತು, ಆದರೆ ಇತ್ತು. ಅದು ನಿಜವಾದ ಇಳಿಕೆ. ತಗಡಿನ ಹಾಡು ಬಹುಪಾಲು ನಿಂತಿದೆ. ಇಂಜಿನ್ನಿನ ಗುಡುಗು ಹಾಗೇ ಇದೆ, ಅದಕ್ಕೆ ತೂಕದ ಹಾಸು ಬೇಕು, ಅದು ಮುಂದಿನ ಬಾಡಿಗೆ ದುಡ್ಡಿಗೆ. ಗಾಡಿಯೆಲ್ಲ ಮುಚ್ಚಬೇಕು ಅಂತ ಅಂಗಡಿಯಲ್ಲಿ ಹೇಳಿದ್ದರಲ್ಲ, ಮೊದಲ ದಿಂಬುಗಳೇ ಹೆಚ್ಚು ಕೆಲಸ ಮಾಡುತ್ತವೆ ಅನ್ನೋದು ಗೊತ್ತಾದ ಮೇಲೆ ಅದು ಬೇಡ ಅನಿಸಿತು. ಉಳಿದ ದುಡ್ಡಿನಲ್ಲಿ ಮಾವ ತುಮಕೂರಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಾರೆ. ಹೋದ ಕೇಳುವಿಕೆ ವಾಪಸ್ ಬರಲ್ಲ, ಇರೋದನ್ನು ಕಾಪಾಡಿಕೊಳ್ಳಿ ಅಂತ ಡಾಕ್ಟ್ರು ಹೇಳಿದ್ದಾರಂತೆ.

ಮೊನ್ನೆ ಭಾನುವಾರ ಮಾವನ ಫೋನ್ ಬಂತು. ದಿಬ್ಬಣದ ಬಾಡಿಗೆಯಲ್ಲಿದ್ದರು. ಹಿಂದಿನ ಸೀಟಿನ ಹೆಂಗಸರ ಮಾತು ಮುಂದಕ್ಕೆ ಕೇಳಿಸುತ್ತಿದೆ, ಏನೇನೋ ಗುಟ್ಟೆಲ್ಲ ಗೊತ್ತಾಗ್ತಿದೆ ಅಂತ ನಗುತ್ತಿದ್ದರು. ಪೂರ್ತಿ ಮಾತು ಮುಗಿಯುವವರೆಗೂ ನಾನು ಒಂದೂ ಮಾತನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಗಾಡಿ ನಿಲ್ಲಿಸಿಕೊಂಡು ಮಾತಾಡ್ತಿದ್ದರೋ ಏನೋ, ಕೇಳೋಕೆ ಮರೆತೆ.